ಮಾಂಸವಲ್ಲ, ಬೂಸ್ಟು

ಜನವರಿ 11

ಸೊಸೆಗೆ,

ನೀವಿಬ್ಬರೂ ಚೆನ್ನಾಗಿದ್ದೀರಿ ಎಂದುಕೊಂಡೇ ಬರೆಯುತ್ತಿದ್ದೇನೆ. ಕಳೆದ ಭಾನುವಾರ ನೀನು ಫೋನ್ ಮಾಡಿದ್ದೆ. ನಿನ್ನ ಅತ್ತೆ ಅದನ್ನು ನನ್ನ ಕಿವಿಗೆ ಒತ್ತಿ ಹಿಡಿದಳು. ನನಗೆ ಕೇಳಿಸಿದ್ದು ಜೇನುನೊಣ ಗುಂಯ್‌ಗುಟ್ಟಿದ ಹಾಗೆ ಅಷ್ಟೇ. ಎಡಗಿವಿ ಪೂರ್ತಿ ಹೋಗಿದೆ, ಬಲಗಿವಿ ಹೊರಡುವ ತಯಾರಿಯಲ್ಲಿದೆ. ಆದ್ದರಿಂದ ಇನ್ನು ಮೇಲೆ ನನ್ನ ಜೊತೆ ಜಗಳ ಆಡಬೇಕಿದ್ದರೆ ಕಾಗದದಲ್ಲೇ ಆಡಬೇಕು.

ಜಗಳಕ್ಕೆ ಕಾರಣ ಇದೆ. ಅಂಗಡಿಯ ಎದುರಿನ ಗೋಡೆಗೆ ಆಳೆತ್ತರದ ಜಾಹೀರಾತು ಅಂಟಿಸಿದ್ದಾರೆ. ಕೆಂಪಗೆ ಹೊಳೆಯುವ ಒಂದು ತುಂಡು, ಮೇಲೆ ಕೆಂಡದಲ್ಲಿ ಸುಟ್ಟಂಥ ಗೆರೆಗಳು, ಕೆಳಗೆ ‘ಹೊಸ ಕಾಲದ ಮಾಂಸ’ ಎಂಬ ದಪ್ಪ ಅಕ್ಷರ. ಅದಕ್ಕೂ ಕೆಳಗೆ, ಕನ್ನಡಕ ಹಾಕಿಕೊಂಡು ಹುಡುಕಿದರೆ ಮಾತ್ರ ಸಿಗುವಷ್ಟು ಸಣ್ಣದಾಗಿ ನಿನ್ನ ಕಂಪನಿಯ ಹೆಸರು. ಪಕ್ಕದ ಮೀನಿನವನು ಬಂದು ನನ್ನ ಕಿವಿಯ ಹತ್ತಿರ ಕೂಗಿದ: “ಅಣ್ಣಾ, ಇದು ನಿಮ್ಮ ಸೊಸೆ ಮಾಡೋದಂತಲ್ಲ, ಹೌದಾ?” ಇಡೀ ಮಾರುಕಟ್ಟೆಗೆ ಕೇಳಿಸಿತು.

ಕಂಪನಿ ಈ ಊರಿನಿಂದಲೇ ಮಾರಾಟ ಶುರು ಮಾಡುತ್ತದಂತೆ. ಪರವಾನಗಿ ಕಚೇರಿಯವರು ಮಾರ್ಚ್‌ನಲ್ಲಿ ಸಾರ್ವಜನಿಕ ವಿಚಾರಣೆ ಇಟ್ಟಿದ್ದಾರೆ. ಮಾಂಸದ ಅಂಗಡಿಯವರ ಸಂಘಕ್ಕೆ ನಾನು ಅಧ್ಯಕ್ಷ ಎಂಬುದು ನಿನಗೆ ಗೊತ್ತು. ನಾನು ಎದ್ದು ನಿಂತು ವಿರೋಧಿಸುತ್ತೇನೆ. ಹಿಂದಿನಿಂದ ಮಾಡಿದ ಎನ್ನಬಾರದಲ್ಲ, ಅದಕ್ಕೆ ಮೊದಲೇ ತಿಳಿಸಿದ್ದೇನೆ.

ಮಾಂಸ ಎಂಬ ಹೆಸರು ಕೊಟ್ಟವರು ಯಾರು? ಅದಕ್ಕೆ ಉತ್ತರ ಬರಿ.

ವ್ಯಾಪಾರ ಜೋರಾಗಿದೆ. ಗಿರಾಕಿಗಳ ಗಲಾಟೆಯಲ್ಲಿ ಇಷ್ಟು ಬರೆಯುವುದೇ ಕಷ್ಟವಾಯಿತು.

ನಿನ್ನ ಮಾವ

*

ಜನವರಿ 19

ಮಾವನವರಿಗೆ ನಮಸ್ಕಾರಗಳು.

ಕಾಗದ ತಲುಪಿತು. ನಿಮ್ಮ ಮಗನಿಗೆ ತೋರಿಸಿದೆ. “ಇದು ನಿಮ್ಮಿಬ್ಬರ ಮಧ್ಯದ್ದು, ನನ್ನ ಎಳೀಬೇಡಿ” ಎಂದು ಹೇಳಿ, ರಿಪೇರಿಗೆಂದು ಬಿಚ್ಚಿಟ್ಟಿದ್ದ ಯಾರದೋ ಫ್ರಿಜ್ಜಿನೊಳಗೆ ತಲೆ ಹಾಕಿಕೊಂಡು ಕೂತರು. ಹೀಗಾಗಿ ನಾನೊಬ್ಬಳೇ ಉತ್ತರಿಸುತ್ತಿದ್ದೇನೆ.

ನಾನು ಏನು ಮಾಡುತ್ತೇನೆ ಎಂದು ಮದುವೆಯಾದಾಗಿನಿಂದ ನೀವು ಒಮ್ಮೆಯೂ ಕೇಳಲಿಲ್ಲ. ಈಗ ಕೇಳದಿದ್ದರೂ ಹೇಳುತ್ತೇನೆ. ನಮ್ಮಲ್ಲಿ ಎರಡಾಳೆತ್ತರದ ಉಕ್ಕಿನ ಟ್ಯಾಂಕುಗಳಿವೆ. ಅದರೊಳಗೆ ಉಗುರುಬೆಚ್ಚಗಿನ ನೀರು, ಸಕ್ಕರೆ ಪಾಕ, ಸ್ವಲ್ಪ ಲವಣ. ಅದಕ್ಕೆ ಒಂದು ಜಾತಿಯ ಬೂಸ್ಟು ಬಿಡುತ್ತೇವೆ, ಹಳಸಿದ ರೊಟ್ಟಿಯ ಮೇಲೆ ಏಳುತ್ತದಲ್ಲ, ಅಂಥದ್ದೇ. ಕಣ್ಣಿಗೆ ಕಾಣದಷ್ಟು ಸಣ್ಣ ಜೀವ. ಕೆಳಗಿನಿಂದ ಗಾಳಿ ಊದುತ್ತಲೇ ಇರಬೇಕು, ಉಸಿರು ಕಟ್ಟಿದರೆ ಸಾಯುತ್ತದೆ. ಸಕ್ಕರೆ ತಿಂದು, ಬೆಳಗಾಗುವುದರೊಳಗೆ ಅದು ಎಳೆ ಎಳೆಯಾಗಿ ಟ್ಯಾಂಕು ತುಂಬಿಕೊಳ್ಳುತ್ತದೆ. ಅದನ್ನು ಬಿಸಿ ಮಾಡಿ, ಸೋಸಿ, ಹಿಂಡಿದರೆ ಹಿಟ್ಟಿನ ಮುದ್ದೆಯಂಥದ್ದು ಸಿಗುತ್ತದೆ. ಬಣ್ಣ ಬೆಣ್ಣೆಯದು, ವಾಸನೆ ಅಣಬೆಯದು. ಮೈಗೆ ಹಿಡಿಯುವ ಪ್ರೋಟೀನು ಅದರಲ್ಲಿ ಬೇಕಾದಷ್ಟಿದೆ. ಮೇಯಲು ಹುಲ್ಲುಗಾವಲು ಬೇಡ, ಬೆಳೆಯಲು ವರ್ಷ ಬೇಡ.

ನೀವು ಕಡಿದು ಜನರಿಗೆ ಉಣಿಸಿದಿರಿ, ನಾನು ಬೆಳೆಸಿ ಉಣಿಸುತ್ತೇನೆ. ಇದರಲ್ಲಿ ನಾಚಿಕೆಪಡುವಂಥದ್ದು ನನಗೇನೂ ಕಾಣುತ್ತಿಲ್ಲ. ಮೀನಿನವರು ಮತ್ತೆ ಕೇಳಿದರೆ, ಹೌದು ನನ್ನ ಸೊಸೆಯೇ ಎಂದು ಅವರಿಗೆ ಕೇಳಿಸುವಷ್ಟು ಜೋರಾಗಿಯೇ ಹೇಳಿ.

ಹೆಸರಿನ ವಿಚಾರ ಕೇಳಿದಿರಿ. ಹೆಸರಿಡುವುದು ನನ್ನ ಕೆಲಸವಲ್ಲ.

ಅತ್ತೆಯವರಿಗೆ ನನ್ನ ನೆನಪು ತಿಳಿಸಿ.

ನಿಮ್ಮ ಸೊಸೆ

*

ಫೆಬ್ರವರಿ 2

ಡಾಕ್ಟರಮ್ಮನಿಗೆ,

ಗುಳಿಗೆ ಕೊಡದ ಡಾಕ್ಟರು ನೀನು. ಆದರೂ ನಿನ್ನ ಕಾಗದ ಓದಿದ ಮೇಲೆ ನನಗೆ ರಕ್ತದೊತ್ತಡ ಏರಿತು.

ಟ್ಯಾಂಕಿನ ವಿಚಾರ ಚೆನ್ನಾಗಿ ಬರೆದಿದ್ದೀಯ. ಎರಡು ಸಲ ಓದಿದೆ. ಆದರೆ ಹೆಸರಿನ ಸಾಲಿಗೆ ಬಂದಾಗ ಕಾಗದ ಮಡಿಸಿ ಇಟ್ಟುಬಿಟ್ಟೆ. ಹೆಸರಿಡುವುದು ನಿನ್ನ ಕೆಲಸವಲ್ಲ! ಹಾಗಾದರೆ ಯಾರ ಕೆಲಸ? ನನ್ನ ಅಂಗಡಿಗೆ ಬಂದವರು “ಕುರಿ ಎಳೇದಾ?” ಎಂದು ಕೇಳಿದರೆ, ನಾನು “ಅದು ಹೇಳೋದು ನನ್ನ ಕೆಲಸ ಅಲ್ಲಮ್ಮ” ಎನ್ನಲೇ? ಮುದಿ ಕುರಿಯಾದರೆ ಮುದಿಯೆಂದೇ ಹೇಳುತ್ತೇನೆ, ಜಾಸ್ತಿ ಹೊತ್ತು ಬೇಯಿಸಿ ಎನ್ನುತ್ತೇನೆ. ಕೊಳ್ಳುವವರು ಕೊಳ್ಳುತ್ತಾರೆ. ಬೂಸ್ಟನ್ನು ಬೂಸ್ಟು ಎಂದು ಕರೆಯಲು ನಿಮಗೆ ಯಾಕೆ ನಾಲಿಗೆ ಹೊರಳುವುದಿಲ್ಲ? ಕೆಂಪು ಬಣ್ಣ ಬಳಿದು, ಸುಟ್ಟ ಗೆರೆ ಎಳೆದು, ಜನರ ಕಣ್ಣಿಗೆ ಮಣ್ಣೆರಚುವುದಕ್ಕೆ ಇಷ್ಟು ಓದಬೇಕಾಗಿತ್ತೇ?

ಸಂಘದವರು ಒಂದು ಕರಪತ್ರ ಅಚ್ಚು ಹಾಕಿಸುತ್ತಿದ್ದಾರೆ. ಮಾರ್ಚ್ ಇಪ್ಪತ್ತಕ್ಕೆ ಪುರಸಭೆಯ ಸಭಾಂಗಣ ತುಂಬಿರುತ್ತದೆ. ನಿಮ್ಮ ಮ್ಯಾನೇಜರನಿಗೆ ಹೇಳು, ಒಳ್ಳೆಯ ಕೋಟು ಹಾಕಿಕೊಂಡು ಬರಲಿ.

ಅಂಗಡಿಗೆ ಉಸಿರಾಡಲೂ ಪುರಸೊತ್ತಿಲ್ಲ.

ನಿನ್ನ ಮಾವ

(ಮಗಳೇ, ಇದನ್ನು ಅಂಚೆಗೆ ಹಾಕಲು ನನ್ನ ಕೈಗೆ ಕೊಟ್ಟರು, ಅದಕ್ಕೆ ಕೆಳಗೆ ಎರಡು ಸಾಲು ಸೇರಿಸುತ್ತಿದ್ದೇನೆ. ಅಂಗಡಿಯ ವಿಚಾರ ನಂಬಬೇಡ. ಕೋಳಿಗಳಿಗೆ ರೋಗ ಬಂದು ಸುತ್ತಲಿನ ಫಾರಮ್ಮುಗಳನ್ನೆಲ್ಲ ಮುಚ್ಚಿಸಿದ್ದಾರೆ. ಕೆಲಸದವರಿಬ್ಬರೂ ಬಿಟ್ಟು ಹೋದರು. ಕೋಳಿಯ ಕಡೆ ಪೂರ್ತಿ ಬಾಗಿಲು ಎಳೆದಿದೆ, ಕುರಿಯ ಕಡೆಯೂ ಅಷ್ಟಕ್ಕಷ್ಟೆ. ಇವರು ದಿನಾ ಒಗೆದ ಏಪ್ರನ್ ಕಟ್ಟಿಕೊಂಡು ಹೋಗಿ ಕುರ್ಚಿಯಲ್ಲಿ ಕೂತು ಬರುತ್ತಾರೆ. ಏಪ್ರನ್ ಕೊಳೆಯೇ ಆಗುವುದಿಲ್ಲ. ನಾನು ಬರೆದೆ ಎಂದು ಹೇಳಬೇಡ. — ಅತ್ತೆ)

*

ಫೆಬ್ರವರಿ 14

ಮಾವನವರಿಗೆ,

ವ್ಯಾಪಾರ ಜೋರಾಗಿದೆ ಎಂದು ಓದಿ ಸಂತೋಷವಾಯಿತು. ಆದರೂ ಅಷ್ಟೊಂದು ದಣಿಯಬೇಡಿ. ಸ್ವಲ್ಪ ದಿನ ಬಾಗಿಲು ಹಾಕಿ ಇಲ್ಲಿಗೆ ಬಂದು ಇದ್ದು ಹೋಗಬಹುದಲ್ಲ? ನಿಮ್ಮ ಮಗನಿಗೂ ಹಾಗೇ ಅನಿಸಿದೆ.

ಇಲ್ಲಿ ಈ ವಾರ ಒಂದು ಟ್ಯಾಂಕು ಕಳೆದುಕೊಂಡೆವು. ಗಾಳಿ ಊದುವ ಯಂತ್ರ ನಿಂತುಹೋಯಿತು. ಬೇರೆ ಯಂತ್ರ ಜೋಡಿಸುವಷ್ಟರಲ್ಲಿ ಒಳಗಿದ್ದುದೆಲ್ಲ ಹುಳಿತು ನಾರತೊಡಗಿತ್ತು. ಅಷ್ಟನ್ನೂ ಕುದಿಸಿ ಚರಂಡಿಗೆ ಬಿಟ್ಟೆವು. ನಾನು ಕೊಳವೆಯ ಪಕ್ಕದಲ್ಲಿ ನಿಂತು ನೋಡುತ್ತಿದ್ದೆ. ಜೀವ ಇದ್ದದ್ದು ನಮ್ಮ ಕೈಯಲ್ಲೇ ಹಾಳಾದರೆ, ಕೊನೆಯ ಹನಿ ಹೋಗುವವರೆಗೂ ಅಲ್ಲಿಂದ ಕದಲಲು ಮನಸ್ಸು ಬರುವುದಿಲ್ಲ. ನಿಮ್ಮ ಕಸುಬಿನವರಿಗೆ ಇದು ಅರ್ಥವಾಗುತ್ತದೆ ಎಂದು ಬರೆದೆ.

ಇನ್ನು ಕರಪತ್ರ. ಅದರ ಒಂದು ಪ್ರತಿ ನನ್ನ ಕೈಗೂ ಬಂದಿದೆ. ‘ಚರಂಡಿ ನೀರಿನಲ್ಲಿ ಬೆಳೆಸಿದ ಹುಳು’ ಎಂದಿದೆ. ‘ಮಕ್ಕಳ ಮೆದುಳಿಗೆ ವಿಷ’ ಎಂದಿದೆ. ಎಲ್ಲಕ್ಕಿಂತ ಕೆಳಗೆ ನಿಮ್ಮ ಸಹಿ ಇದೆ. ನೀವು ನನಗೆ ಕುರಿಯ ವಯಸ್ಸಿನ ಪಾಠ ಹೇಳಿದಿರಿ. ಬೂಸ್ಟನ್ನು ಮಾಂಸ ಎನ್ನುವುದು ಸುಳ್ಳಾದರೆ, ಬೂಸ್ಟನ್ನು ವಿಷ ಎನ್ನುವುದು ಏನು ಮಾವ? ನನ್ನ ಕೆಲಸಕ್ಕೆ ಯಾರು ಮೂಗು ಮುರಿದರೂ ನನಗೆ ಲೆಕ್ಕವಿಲ್ಲ. ಸುಳ್ಳು ಹೇಳಿ ಮುಚ್ಚಿಸಲು ಬಂದರೆ ನಾನು ಸುಮ್ಮನಿರುವವಳಲ್ಲ.

ನಿಮ್ಮ ಸೊಸೆ

*

ಮಾರ್ಚ್ 1

ಸೊಸೆಗೆ,

ನನ್ನ ಅಂಗಡಿಗೆ ಬಾಗಿಲು ಹಾಕು ಎಂದು ಹೇಳುವಷ್ಟು ದೊಡ್ಡವಳಾದೆಯಾ? ಒಂದು ಕಡೆ ನಿಮ್ಮ ಮಾಲು ಬರುತ್ತದೆ, ಇನ್ನೊಂದು ಕಡೆ ಮಾವ ಅಂಗಡಿ ಮುಚ್ಚಿ ಮಗನ ಮನೆಯಲ್ಲಿ ಕೂರಬೇಕು. ಲೆಕ್ಕಾಚಾರ ಚೆನ್ನಾಗಿದೆ. ನಿನ್ನ ಕನಿಕರ ನಿನ್ನ ಹತ್ತಿರವೇ ಇರಲಿ.

ಮಿಕ್ಕಿದ್ದು ಸಭಾಂಗಣದಲ್ಲಿ, ನಿಮ್ಮ ವಕೀಲರ ಜೊತೆ.

ಮಾವ

*

ಮಾರ್ಚ್ 23

ಸೊಸೆಗೆ,

ನೀನು ಬರುತ್ತೀಯ ಎಂದು ಯಾಕೆ ತಿಳಿಸಲಿಲ್ಲ? ಕಂಪನಿಯವರ ಸಾಲಿನಲ್ಲಿ, ಮ್ಯಾನೇಜರನ ಪಕ್ಕ ನೀನು ಕೂತಿದ್ದನ್ನು ನೋಡಿ, ನಾನು ಬಾಯಿಪಾಠ ಮಾಡಿಕೊಂಡು ಬಂದಿದ್ದ ಭಾಷಣ ಅಷ್ಟೂ ಮರೆತುಹೋಯಿತು. ಅದಕ್ಕೇ ಒಂದೇ ಪ್ರಶ್ನೆ ಕೇಳಿದ್ದು. “ಇದನ್ನ ಮಾಡಿದೋರೇ ಇಲ್ಲಿದಾರೆ. ಅವರೇ ಹೇಳಲಿ. ಇದು ಮಾಂಸ ಹೌದೋ ಅಲ್ವೋ?”

ನೀನು ಎದ್ದು ನಿಂತೆ. ಮ್ಯಾನೇಜರ್ ನಿನ್ನ ಮುಂದೆ ಒಂದು ಹಾಳೆ ತಳ್ಳಿದ. ನೀನು ಅದನ್ನು ನೋಡಲಿಲ್ಲ. ಬಾಯಿ ಆಡಿದ್ದು ಕಂಡಿತು, ಮಾತು ಕೇಳಿಸಲಿಲ್ಲ. ನಮ್ಮ ಸಾಲಿನವರೆಲ್ಲ ಎದ್ದು ಚಪ್ಪಾಳೆ ತಟ್ಟಿದರು. ನಿಮ್ಮ ಮ್ಯಾನೇಜರನ ಮುಖ ಸುಣ್ಣ ಬಳಿದ ಗೋಡೆಯಂತಾಯಿತು. ಸಂಘದ ಕಾರ್ಯದರ್ಶಿ ನನಗೆ ಒಂದು ಚೀಟಿಯಲ್ಲಿ ಬರೆದು ತೋರಿಸಿದ: “ಮಾಂಸ ಅಲ್ಲ ಅಂದ್ಳು. ಗೆದ್ವಿ.”

ಆದರೆ ನೀನು ಕೂರಲಿಲ್ಲ. ಆಮೇಲೂ ತುಂಬ ಹೊತ್ತು ಮಾತಾಡಿದೆ. ನಮ್ಮ ಸಾಲಿನವರ ಚಪ್ಪಾಳೆ ನಿಂತಿತು. ಒಬ್ಬೊಬ್ಬರೇ ಕೂತರು. ಕೆಲವರು ನನ್ನ ಕಡೆ ತಿರುಗಿ ನೋಡಿದರು. ನಾನು ಗೆದ್ದ ಸಂತೋಷದಲ್ಲಿ ತಲೆ ಆಡಿಸುತ್ತಿದ್ದೆ. ಆಮೇಲೆ ಏನಂದಳು ಎಂದು ಕಾರ್ಯದರ್ಶಿಯನ್ನು ಕೇಳಿದರೆ, ಪೆನ್ನಿನಲ್ಲಿ ಮಸಿ ಮುಗಿದಿದೆ ಎಂದು ಕೈ ಆಡಿಸಿದ. ಮೀನಿನವನನ್ನು ಕೇಳಿದರೆ ಅವನೂ ನೆಲ ನೋಡಿದ.

ಹೆಸರು ಬದಲಾಯಿಸುವವರೆಗೆ ಮಾರುವಂತಿಲ್ಲ ಎಂದು ಅಧಿಕಾರಿ ಆದೇಶ ಕೊಟ್ಟರು. ಸಂಘದವರು ಪಟಾಕಿ ಹೊಡೆದರಂತೆ. ನಾನು ಮನೆಗೆ ಬಂದೆ. ನೀನು ಬಂದಿದ್ದೀಯ ಎಂದು ಯಾರಿಂದಲೋ ಕೇಳಿ, ನಿನ್ನ ಅತ್ತೆ ನಿನಗೆಂದು ಅಡುಗೆ ಮಾಡಿ ಬಾಗಿಲಲ್ಲಿ ನಿಂತಿದ್ದಳು. ನೀನು ಇದೇ ಊರಿಗೆ ಬಂದು ಮನೆಗೆ ಬರದೆ ಹೋದೆ.

ಏನು ಹೇಳಿದೆ? ಒಂದಕ್ಷರ ಬಿಡದೆ ಬರಿ.

ಮಾವ

*

ಏಪ್ರಿಲ್ 2

ಮಾವನವರಿಗೆ,

ನೀವು ಕೇಳಿದ್ದಕ್ಕೆ ಬರೆಯುತ್ತಿದ್ದೇನೆ, ಮೆತ್ತಗೆ ಮಾಡಿ ಬರೆಯುವುದಿಲ್ಲ.

ಮೊದಲು ಹೇಳಿದ್ದು ಇದು: “ಮಾಂಸ ಅಲ್ಲ. ಇದು ಬೂಸ್ಟು. ನಾವು ಬೆಳೆಸಿದ, ತಿನ್ನೋ ಬೂಸ್ಟು. ಬೂಸ್ಟು ಅಂತಾನೇ ಮಾರ್ಬೇಕು ಅಂತ ಕಂಪನಿಯ ಪ್ರತಿ ಸಭೆಯಲ್ಲೂ ಹೇಳಿದೀನಿ. ನನ್ನ ಮಾತು ನಡೀಲಿಲ್ಲ.” ಆಗ ನಿಮ್ಮವರು ಚಪ್ಪಾಳೆ ಹೊಡೆದರು.

ಹೌದು, ಅದನ್ನು ನಿಮಗೆ ಜನವರಿಯಲ್ಲೇ ಬರೆಯಬಹುದಿತ್ತು. ನೀವು ಕೇಳಿದ ರೀತಿಗೆ ಸಿಟ್ಟು ಬಂದಿತ್ತು. ಕಂಪನಿಯಲ್ಲಿ ಸೋತು ಬಂದವಳು, ಮಾವನ ಮುಂದೆಯೂ ಸೋತೆ ಎಂದು ಹೇಳಲೇ ಎನಿಸಿತು.

ಆಮೇಲೆ ಕರಪತ್ರ ತೆಗೆದು ಎಲ್ಲರಿಗೂ ಕೇಳುವ ಹಾಗೆ ಓದಿದೆ. ಓದಿ ಹೀಗೆಂದೆ: “ನಮ್ಮ ಟ್ಯಾಂಕಿಗೆ ಹೋಗೋದು ನೀವು ಕುಡಿಯೋ ನೀರು. ಹುಳು ಇಲ್ಲ, ವಿಷ ಇಲ್ಲ. ಪರೀಕ್ಷೆಯ ಕಾಗದಗಳು ಅಧಿಕಾರಿಗಳ ಮುಂದೇನೇ ಇವೆ. ಕೆಳಗೆ ನಮ್ಮ ಮಾವನ ಸಹಿ ಇದೆ. ಓದದೆ ಹಾಕಿದ್ರೆ ಅದು ತಪ್ಪು. ಓದಿ ಹಾಕಿದ್ರೆ, ನಮ್ಮ ಕಂಪನಿ ಹೇಳಿದಷ್ಟೇ ದೊಡ್ಡ ಸುಳ್ಳನ್ನ ಅವರೂ ಹೇಳಿದಾರೆ. ಅವರ ಹತ್ರ ನಾನು ಇದನ್ನ ನಿರೀಕ್ಷೆ ಮಾಡಿರಲಿಲ್ಲ.”

ನಾನು ಹೀಗೆ ಹೇಳುತ್ತಿದ್ದಾಗ ನೀವು ನನ್ನನ್ನೇ ನೋಡುತ್ತ, ನಗುತ್ತ, ಹೌದು ಹೌದು ಎಂದು ತಲೆ ಆಡಿಸುತ್ತಿದ್ದಿರಿ. ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಆ ಮುಖ ನೋಡಿದ ಮೇಲೆ ನಿಮ್ಮ ಮನೆಗೆ ಬಂದು ಹೇಗೆ ಊಟ ಮಾಡಲಿ? ಹೊರಟುಬಿಟ್ಟೆ. ಅತ್ತೆಯವರ ಕ್ಷಮೆ ಕೇಳುತ್ತೇನೆ. ಆಡಿದ ಮಾತಿಗೆ ಕೇಳುವುದಿಲ್ಲ.

ಇಲ್ಲಿ ಎಲ್ಲ ಮಾಮೂಲು. ಬಿಸಿಲು ಏರುತ್ತಿದೆ.

ನಿಮ್ಮ ಸೊಸೆ

*

ಏಪ್ರಿಲ್ 9

ಸೊಸೆಗೆ,

ಓದಿದೆ. ಕಾರ್ಯದರ್ಶಿ ಕರಪತ್ರ ತಂದಾಗ ಮೇಲಿನ ನಾಲ್ಕು ಸಾಲು ನೋಡಿ ಸಹಿ ಹಾಕಿದ್ದೆ. ಮೇಲಿನ ಸಾಲುಗಳಲ್ಲಿ ಹೆಸರಿನ ಮೋಸದ ಬಗ್ಗೆಯೇ ಇತ್ತು. ಕೆಳಗಿನದು ಫೆಬ್ರವರಿಯಲ್ಲಿ ನಿನ್ನ ಕಾಗದ ಬಂದ ಮೇಲೆ ಗೊತ್ತಾಯಿತು. ಆಗಲೇ ಬಾಯಿ ಬಿಡಬೇಕಿತ್ತು. ಸಿಟ್ಟಿನ ಕೈಗೆ ಬುದ್ಧಿ ಕೊಟ್ಟೆ.

ನಿನ್ನ ಕಾಗದ ಜೇಬಿನಲ್ಲಿಟ್ಟುಕೊಂಡು ಸಂಘದ ಸಭೆಗೆ ಹೋದೆ. “ಕರಪತ್ರ ವಾಪಸ್ ತಗೊಳ್ರಿ, ಹುಳು ವಿಷ ಅಂದದ್ದು ತಪ್ಪು ಅಂತ ಇನ್ನೊಂದು ಹಾಕ್ಸಿ” ಎಂದೆ. ಕಾರ್ಯದರ್ಶಿ ನಕ್ಕ. ಗೆದ್ದ ಮೇಲೆ ಇದೆಲ್ಲ ಯಾಕಣ್ಣ ಎಂದು ಕಿವಿಯ ಹತ್ತಿರ ಬಂದು ಕೂಗಿದ. “ಸೊಸೆ ಕಿವಿ ಹಿಂಡಿದಳಾ?” ಎಂದು ಇನ್ನೊಬ್ಬ ಕೇಳಿದ. ಅದು ಕೇಳಿಸದಿದ್ದರೂ ತುಟಿ ನೋಡಿ ತಿಳಿಯಿತು. “ಹೌದು ಕಣಯ್ಯಾ, ಹಿಂಡಿದಳು. ನಿನಗೂ ಅಂಥ ಸೊಸೆ ಬರಲಿ” ಎಂದು ಹೇಳಿ ಅಧ್ಯಕ್ಷಗಿರಿ ಅಲ್ಲೇ ಬಿಟ್ಟು ಬಂದೆ. ಮಾರನೆಯ ದಿನ ನಾನೇ ಒಂದು ರಟ್ಟಿನ ಮೇಲೆ ಬರೆದು ಅಂಗಡಿ ಮುಂದೆ ತೂಗುಹಾಕಿದೆ: ‘ಕರಪತ್ರದಲ್ಲಿ ಹುಳು, ವಿಷ ಎಂದದ್ದು ಸುಳ್ಳು. ಅದಕ್ಕೆ ಸಹಿ ಹಾಕಿದ್ದು ನಾನು.’

ಇನ್ನು ನನ್ನ ಸರದಿ. ಮಗ ಮೆಸೇಜು ಕಳಿಸಿದ್ದಾನೆ. ವಿಚಾರಣೆಯ ಮಾರನೆಯ ದಿನವೇ ನಿನ್ನನ್ನು ಕೆಲಸದಿಂದ ತೆಗೆದರಂತೆ. ನೀನು ಅಷ್ಟುದ್ದ ಕಾಗದ ಬರೆದು ಕೊನೆಗೆ ಬಿಸಿಲು ಏರುತ್ತಿದೆ ಎಂದೆ! ನಾನು ಕೇಳಿದ ಪ್ರಶ್ನೆಗೆ ನೀನು ನಿಜ ಹೇಳಿದ್ದಕ್ಕೆ ಹೋದ ಕೆಲಸ ಅದು. ಗೊತ್ತಾಗಬೇಕಾದದ್ದು ಮೊದಲು ನನಗೆ.

ನಾನೂ ಹೇಳಿಬಿಡುತ್ತೇನೆ. ಅಂಗಡಿಯಲ್ಲಿ ಗಲಾಟೆಯಿಲ್ಲ. ಕೋಳಿಯ ಕಡೆ ಡಿಸೆಂಬರಿನಿಂದ ಬಾಗಿಲು ತೆಗೆದಿಲ್ಲ. ನಿನ್ನ ಅತ್ತೆ ನಿನಗೆ ಬರೆದದ್ದೂ ಗೊತ್ತಾಗಿದೆ. ಅವಳು ಎಷ್ಟು ಒತ್ತಿ ಬರೆಯುತ್ತಾಳೆಂದರೆ, ಕೆಳಗಿದ್ದ ನನ್ನ ಖಾಲಿ ಹಾಳೆಯ ಮೇಲೆಲ್ಲ ಅಕ್ಷರ ಮೂಡಿದ್ದವು.

ಆ ಕಡೆಯ ಕೋಣೆ ಆಳೆತ್ತರದವರೆಗೆ ಬಿಳಿ ಟೈಲ್ಸ್ ಹಾಕಿದ್ದು. ನೆಲ ತೊಳೆದರೆ ನೀರು ನಿಲ್ಲುವುದಿಲ್ಲ. ಕೋಳಿ ಅದ್ದಲು ನೀರು ಕಾಯಿಸುವ ದೊಡ್ಡ ಹಂಡೆ ಇದೆ, ಗ್ಯಾಸಿನದು. ಹಿಂದೆ ತಣ್ಣನೆಯ ಕೋಣೆ. ಸುಮ್ಮನೆ ಇದೆ ಎಂದು ಸುಮ್ಮನೆ ಬರೆದೆ.

ಮಾವ

*

ಏಪ್ರಿಲ್ 20

ಮಾವನವರಿಗೆ,

ನೀವು ಸುಮ್ಮನೆ ಬರೆದದ್ದನ್ನು ನಾವಿಬ್ಬರೂ ಸುಮ್ಮನೆ ಓದಿ, ಸುಮ್ಮನೆ ಅಳತೆ ಹಾಕಿದೆವು. ನಿಮ್ಮ ಮಗ ಆ ಕೋಣೆಯ ನಕ್ಷೆಯನ್ನು ನೆನಪಿನಿಂದ ಬರೆದು ತೋರಿಸಿದರು. ತಣ್ಣನೆಯ ಕೋಣೆಯ ಯಂತ್ರ ಇನ್ನೂ ಓಡುತ್ತದೆಯೇ ಎಂದು ಕೇಳಲು ಹೇಳಿದ್ದಾರೆ. ಓಡದಿದ್ದರೆ ಓಡಿಸುತ್ತಾರಂತೆ. ಇಷ್ಟು ದಿನ ಮಧ್ಯೆ ಬರುವುದಿಲ್ಲ ಎಂದವರು ಈಗ ಮಧ್ಯದಿಂದ ಏಳುತ್ತಲೇ ಇಲ್ಲ.

ಕಂಪನಿಯ ಬೂಸ್ಟು ಕಂಪನಿಯದು, ಅದರ ಒಂದು ಎಳೆಯನ್ನೂ ನಾನು ಮುಟ್ಟುವುದಿಲ್ಲ. ವಿಶ್ವವಿದ್ಯಾಲಯದ ಸಂಗ್ರಹದಿಂದ ಬೇರೆ ಜಾತಿಯದಕ್ಕೆ ಅರ್ಜಿ ಹಾಕಿದ್ದೆ, ಕೊಟ್ಟಿದ್ದಾರೆ. ಎಷ್ಟೋ ದೇಶಗಳಲ್ಲಿ ತಲೆಮಾರುಗಳಿಂದ ತಿನ್ನುತ್ತ ಬಂದಿರುವ ಜಾತಿ ಅದು. ಶರಬತ್ತು ಮಾಡುವ ಒಂದು ಕಾರ್ಖಾನೆ ಮುಚ್ಚುತ್ತಿದೆ. ಅವರ ಸಣ್ಣ ಟ್ಯಾಂಕು ನಮಗೆ ಸಾಕು. ಬೆಳೆದದ್ದನ್ನು ಬಿಸಿ ಮಾಡಲು ನಿಮ್ಮ ಹಂಡೆಯೇ ಸರಿಹೋಗುತ್ತದೆ. ಹಂಡೆಯನ್ನು ಮಾತ್ರ ನಾನು ಹೇಳಿದ ಹಾಗೆ ಉಜ್ಜಬೇಕು. ನೀವು ಎಷ್ಟೇ ಚೊಕ್ಕಟ ಎಂದರೂ ನಾನು ಒಪ್ಪುವುದಿಲ್ಲ, ಅದಕ್ಕೆ ಜಗಳ ಬೇಡ. ನಿಮ್ಮ ಕುರಿಯ ಕಡೆಗೂ ನನ್ನ ಕಡೆಗೂ ನಡುವೆ ಗೋಡೆ ಏಳಬೇಕು. ಪರವಾನಗಿ ನನ್ನ ಹೆಸರಿನಲ್ಲಿರುತ್ತದೆ. ಬಾಡಿಗೆ ಕೊಡುತ್ತೇನೆ, ಬೇಡ ಎಂದರೆ ಬರುವುದಿಲ್ಲ.

ನಾನು ಸೋತು ಮಾವನ ನೆರಳಿಗೆ ಬರುತ್ತಿದ್ದೇನೆ ಎಂದು ಯಾರಾದರೂ ಅಂದರೆ ತಿದ್ದಿ. ಕಂಪನಿ ಮುಚ್ಚಿಡಬೇಕು ಎಂದದ್ದನ್ನು ಬೋರ್ಡಿನ ಮೇಲೆ ಬರೆದು ಮಾರಲು ಬರುತ್ತಿದ್ದೇನೆ.

ನಿಮ್ಮ ಸೊಸೆ

*

ಮೇ 6

ಸೊಸೆಗೆ,

ಗೋಡೆ ಎದ್ದಿದೆ. ಹಂಡೆ ಉಜ್ಜಿದ್ದೇನೆ. ಅದರಲ್ಲಿ ಮುಖ ನೋಡಿಕೊಂಡು ಗಡ್ಡ ಕೆರೆಯಬಹುದು. ನೀನು ಬಂದು ಮತ್ತೆ ಉಜ್ಜುತ್ತೀಯ ಎಂದು ಗೊತ್ತು, ಉಜ್ಜು.

ನಿನ್ನೆ ಬೆಳಿಗ್ಗೆ ಹೋದರೆ ಕೋಳಿಯ ಕಡೆಯ ಬಾಗಿಲಿಗೆ ಸಂಘದವರು ತಮ್ಮ ಬೀಗ ಜಡಿದಿದ್ದರು. ಸಂಘದ ಮಾರುಕಟ್ಟೆಯಲ್ಲಿ ಬೂಸ್ಟು ಬೆಳೆಯಲು ಬಿಡುವುದಿಲ್ಲ ಎಂದು ಚೀಟಿ. ಕಾರ್ಯದರ್ಶಿ, ಅವನ ಹಿಂದೆ ಹತ್ತಾರು ಜನ ಕೈ ಕಟ್ಟಿ ನಿಂತಿದ್ದರು. ಅಂಗಡಿ ನನ್ನ ಹೆಸರಿನಲ್ಲಿದೆ, ಪತ್ರ ಮನೆಯಲ್ಲಿದೆ, ತರಲೇ ಎಂದು ಕೇಳಿದೆ. ಯಾರೂ ಅಲ್ಲಾಡಲಿಲ್ಲ. ನಾನು ಕುರಿಯ ಕಡೆ ಹೋಗಿ ಮೂಳೆ ಕಡಿಯುವ ದೊಡ್ಡ ಮಚ್ಚು ತಂದೆ. ಎಲ್ಲರೂ ಹಿಂದೆ ಸರಿದರು. ಅವರ ಮೇಲೆ ಎತ್ತಲಿಲ್ಲ, ಹೆದರಬೇಡ. ಮಚ್ಚಿನ ಹಿಂಬದಿಯಿಂದ ಬೀಗಕ್ಕೆ ಕೊಟ್ಟೆ. ಮೂರನೆಯ ಏಟಿಗೆ ಬಿತ್ತು. ಅದನ್ನು ಎತ್ತಿ ಕಾರ್ಯದರ್ಶಿಯ ಅಂಗೈಯಲ್ಲಿಟ್ಟೆ. “ನಿಮ್ಮ ಬೀಗ ನೀವೇ ಇಟ್ಕೊಳ್ಳಿ. ಸಂಘದಿಂದ ತೆಗೀತೀರಾ, ತೆಗೀರಿ. ನಾಳೆಯಿಂದ ನನ್ನ ಬಾಗಿಲು ಎರಡೂ ಕಡೆ ತೆಗೆದಿರುತ್ತೆ” ಎಂದೆ. ಅವನು ಏನೋ ಹೇಳಿದ. ಕಿವಿ ಹೋದದ್ದಕ್ಕೆ ಮೊದಲ ಸಲ ಸಂತೋಷವಾಯಿತು.

ಜನ ಚದುರಿದ ಮೇಲೆ ಮೀನಿನವನು ಬಂದು ನಿನ್ನ ಟ್ಯಾಂಕು ಇಳಿಸಲು ನಾಲ್ಕು ಆಳು ಕೊಡುತ್ತೇನೆ ಎಂದ. ನಿನ್ನ ಅತ್ತೆ ಬೋರ್ಡಿನವನ ಬೆನ್ನು ಹತ್ತಿದ್ದಾಳೆ. ‘ಮಾಂಸವಲ್ಲ, ಬೂಸ್ಟು’ ಎಂಬ ಅಕ್ಷರ ಗೋಡೆಯುದ್ದಕ್ಕೂ ಬರಬೇಕಂತೆ.

ಇನ್ನೊಂದು ಮಾತು. ನಾನು ತಿನ್ನದೆ ಯಾವುದನ್ನೂ ಈ ಅಂಗಡಿಯಿಂದ ಮಾರಿದವನಲ್ಲ. ಮೊದಲ ಸಲ ಬೆಳೆದದ್ದನ್ನು ಈರುಳ್ಳಿ ಜೊತೆ ಹುರಿದು ಒಂದು ತಟ್ಟೆ ನನಗೆ ಕೊಡು. ಒಳಗಲ್ಲ, ಅಂಗಡಿಯ ಮುಂದೆ ಕುರ್ಚಿ ಹಾಕಿಕೊಂಡು, ಮಾರುಕಟ್ಟೆ ತುಂಬಿದ ಹೊತ್ತಿನಲ್ಲಿ ತಿನ್ನುತ್ತೇನೆ. ಚೆನ್ನಾಗಿದ್ದರೆ ಅಷ್ಟು ಜನರ ಮುಂದೆ ಚೆನ್ನಾಗಿದೆ ಎನ್ನುತ್ತೇನೆ. ಚೆನ್ನಾಗಿಲ್ಲದಿದ್ದರೆ ಅದನ್ನೂ ಅಷ್ಟೇ ಜೋರಾಗಿ ಹೇಳುತ್ತೇನೆ. ಆಗ ನೀನು ಎಲ್ಲರ ಮುಂದೆ ನನ್ನ ಜೊತೆ ಜಗಳಕ್ಕೆ ನಿಲ್ಲು.

ಲಾರಿ ಎಂದು ಹೊರಡುತ್ತದೆ ತಿಳಿಸು.

ನಿನ್ನ ಮಾವ